ಬಾಲ್ಟಿಕ್ ಕಡಲು: ಅಪ್ಪಯ್ಯ, ಅಮ್ಮನನ್ನು ಕರೆದುಕೊಂಡು ಹೋಗಲು ಗದ್ದಲವಿಲ್ಲದ ಹೊಯಿಗೆ ದಂಡೆ ಯಾವುದು?

ಗಂಗೊಳ್ಳಿ_ಟು_ಬರ್ಲಿನ್ · ಜೂನ್ 9, 2025

ಎಲ್ಲರಿಗೂ ನಮಸ್ಕಾರ. ಊರಿನಿಂದ ಅಪ್ಪಯ್ಯ, ಅಮ್ಮ ಬಂದು ಮೂರು ವಾರ ಆಯ್ತು. ಬರ್ಲಿನ್‌ನಲ್ಲಿ ತೋರಿಸಬೇಕಾದ್ದನ್ನೆಲ್ಲ ತೋರಿಸಿದೆ. ಗೋಡೆ, ಮ್ಯೂಸಿಯಂ, ಪಾಟ್ಸ್‌ಡಾಮ್ ಎಲ್ಲ ಮುಗೀತು. ಅಪ್ಪಯ್ಯ ಯಾವುದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದರು: "ಇವರಿಗೆ ಕಡಲೇ ಇಲ್ವಾ?"

ನಮ್ಮ ಮನೆ ಗಂಗೊಳ್ಳಿ ಹತ್ತಿರ. ಕಡಲಿನ ಸದ್ದು ಕೇಳದೆ ಅವರು ಇಷ್ಟು ದಿನ ಮಲಗಿದ್ದು ಬಹುಶಃ ಇದೇ ಮೊದಲು.

ಕಳೆದ ವರ್ಷ ಸ್ನೇಹಿತರ ಜೊತೆ ವಾರ್ನೆಮ್ಯುಂಡೆಗೆ ಹೋಗಿದ್ದೆ. ದಂಡೆ ಚೆಂದವೇ. ಆದರೆ ಭಾನುವಾರ ಟವೆಲ್ ಹಾಸಲೂ ಜಾಗ ಇರಲಿಲ್ಲ. ಅಂಥದ್ದು ಬೇಡ. ಹೊಯಿಗೆ ಇರಬೇಕು, ಹಿಂದೆ ಹೋಟೆಲ್ ಸಾಲು ಇರಬಾರದು, ಮರಳ ದಿಬ್ಬ ಇದ್ದರೆ ಇನ್ನೂ ಒಳ್ಳೆಯದು. ನನ್ನ ಹತ್ತಿರ ಕಾರಿಲ್ಲ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ, ಆದರೆ ನಡೆಯುತ್ತಾರೆ. ಅಮ್ಮನಿಗೆ ಮಂಡಿ ನೋವು. ಒಂದು ಕಿಲೋಮೀಟರ್ ದಾಟಿದರೆ ಕೂರಲು ಜಾಗ ಹುಡುಕುತ್ತಾರೆ.

ಇನ್ನೊಂದು ಸಂಕೋಚದ ವಿಷಯ. ಇಲ್ಲಿಯ ದಂಡೆಗಳಲ್ಲಿ ಬಟ್ಟೆ ಇಲ್ಲದೆ ಮಲಗುವವರು ಇರುತ್ತಾರೆ. ಅಪ್ಪ ಅಮ್ಮನ ಜೊತೆ ಹೋದವರು ಹೇಗೆ ನಿಭಾಯಿಸಿದಿರಿ?

ಎಲ್ಬೆ_ದಂಡೆಯವ · ಜೂನ್ 9

ಡಾರ್ಸ್ ಪರ್ಯಾಯ ದ್ವೀಪದ ವೆಸ್ಟ್‌ಶ್ಟ್ರಾಂಡ್, ಅಂದರೆ ಪಶ್ಚಿಮ ದಂಡೆ. ಬೇರೆ ಯೋಚನೆಯೇ ಬೇಡ. ರೋಸ್ಟಾಕ್ ಮತ್ತು ಶ್ಟ್ರಾಲ್‌ಸುಂಡ್ ನಡುವೆ ಕಡಲಿಗೆ ಚಾಚಿದ ನೆಲ ಅದು. ಒಂದು ಕಡೆ ಕಡಲು, ಇನ್ನೊಂದು ಕಡೆ ಬೋಡನ್ ಅನ್ನುವ ಹಿನ್ನೀರು. ದಂಡೆ ಹತ್ತು ಕಿಲೋಮೀಟರಿಗೂ ಜಾಸ್ತಿ ಉದ್ದ. ಒಂದು ಹೋಟೆಲ್ ಇಲ್ಲ, ಒಂದು ಐಸ್‌ಕ್ರೀಂ ಗಾಡಿ ಇಲ್ಲ. ನಾನು ಮೂರು ಸಲ ಹೋಗಿದ್ದೇನೆ. ಪ್ರತಿ ಸಲ ಸೈಕಲ್‌ನಲ್ಲಿ.

ನೀವು ಕುಂದಾಪುರದ ಕಡೆಯವರು, ಹಾಗಾಗಿ ಹೇಳುತ್ತೇನೆ. ಬಸ್ಸು ವುಸ್ಟ್ರೋ ದಾಟಿ ಆರೆನ್ಸ್‌ಹೋಪ್ ಹತ್ತಿರ ಹೋಗುವಾಗ ನೆಲ ತೀರಾ ಸಣ್ಣದಾಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹಿನ್ನೀರು. ಮರವಂತೆ ನೆನಪಾಗದೆ ಇರುವುದಿಲ್ಲ.

ಮಂಡ್ಯ_ಇನ್_ಮ್ಯೂನಿಕ್ · ಜೂನ್ 9

ಮರವಂತೆಯಂತೆ ಇದೆ ಅಂತ ನೋಡಲು ಮರವಂತೆ ಹತ್ತಿರದವರನ್ನೇ ಕರೆದುಕೊಂಡು ಹೋಗುವುದಾ? 😄 ಅಲ್ಲದೆ ಬಾಲ್ಟಿಕ್ ಕಡಲೇ ಅಲ್ಲ ಸ್ವಾಮಿ. ದೊಡ್ಡ ಕೆರೆ. ಅಲೆ ಇಲ್ಲ, ಉಪ್ಪಿಲ್ಲ. ನಮ್ಮ ಕೆಆರ್‌ಎಸ್ ಹಿನ್ನೀರು ಇದಕ್ಕಿಂತ ಗಂಭೀರವಾಗಿದೆ.

ರೋಸ್ಟಾಕ್_ಹುಡುಗಿ · ಜೂನ್ 10

ಕೆರೆ ಅನ್ನಬೇಡಿ, ನನ್ನ ಓದೇ ಅದರ ಮೇಲೆ ನಿಂತಿದೆ!

ಉಪ್ಪು ಕಡಿಮೆ ಅನ್ನುವುದು ನಿಜ. ಅರಬ್ಬಿ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಡಾರ್ಸ್ ಹತ್ತಿರ ಅದು 10 ಗ್ರಾಂ ಆಸುಪಾಸು. ಫಿನ್ಲೆಂಡ್ ತುದಿಗೆ ಹೋದರೆ ಬಹುತೇಕ ಸಿಹಿನೀರು. ಕಾರಣ ಸರಳ. ನೂರಾರು ನದಿಗಳು ಸಿಹಿನೀರು ತಂದು ಸುರಿಯುತ್ತವೆ. ಉಪ್ಪುನೀರು ಒಳಗೆ ಬರಲು ಡೆನ್ಮಾರ್ಕ್ ಪಕ್ಕದ ಇಕ್ಕಟ್ಟಾದ ಸಂದಿಗಳು ಮಾತ್ರ ದಾರಿ. ಅದರಲ್ಲೂ ಡಾರ್ಸ್ ಎದುರಿಗೆ ಕಡಲ ತಳದಲ್ಲಿ ಒಂದು ಹೊಸ್ತಿಲು ಇದೆ. ಅಲ್ಲಿ ಆಳ ಬರೀ 18 ಮೀಟರ್. ಭಾರವಾದ ಉಪ್ಪುನೀರು ತಳದಲ್ಲಿ ಹರಿಯುತ್ತದಲ್ಲ, ಅದು ಈ ಹೊಸ್ತಿಲಿಗೆ ಬಂದು ತಡೆದುಬಿಡುತ್ತದೆ. ದೊಡ್ಡ ಬಿರುಗಾಳಿ ಬಂದು ನೂಕಿದಾಗ ಮಾತ್ರ ಚೆನ್ನಾಗಿ ದಾಟುತ್ತದೆ. ನೀವು ವೆಸ್ಟ್‌ಶ್ಟ್ರಾಂಡ್‌ನಲ್ಲಿ ಕೂತು ನೋಡುವ ಆ ಸಪ್ಪೆ ನೀರಿನ ಕೆಳಗೆ ಇಡೀ ಬಾಲ್ಟಿಕ್‌ನ ಬಾಗಿಲಿದೆ.

ಉಬ್ಬರ ಇಳಿತವೂ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಗಾಳಿ ಒಂದೇ ದಿಕ್ಕಿನಿಂದ ಬೀಸಿದರೆ ನೀರು ಮೀಟರುಗಟ್ಟಲೆ ಏರುತ್ತದೆ. 1872ರ ನವೆಂಬರ್‌ನಲ್ಲಿ ಬಂದ ಪ್ರವಾಹವನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. 2023ರ ಅಕ್ಟೋಬರ್‌ನಲ್ಲಿ ಮತ್ತೆ ಬಂತು.

ಈಗ ವಿಷಯಕ್ಕೆ. ಎಲ್ಬೆ ಅಣ್ಣ ಹೇಳಿದ ಜಾಗ ಸರಿ. ಆದರೆ ಅಮ್ಮನ ಮಂಡಿ ನೋವು ಮರೆತುಬಿಟ್ಟರು. ವೆಸ್ಟ್‌ಶ್ಟ್ರಾಂಡ್ ಶಾಂತವಾಗಿರುವುದೇ ಅಲ್ಲಿಗೆ ಕಾರು ಹೋಗದ ಕಾರಣಕ್ಕೆ. ಎಲ್ಲಿಂದ ಹೋದರೂ ಕಾಡಿನೊಳಗೆ ಕೆಲವು ಕಿಲೋಮೀಟರ್ ನಡೆಯಬೇಕು, ಇಲ್ಲವೇ ಸೈಕಲ್ ತುಳಿಯಬೇಕು.

ಒಂದು ದಾರಿ ಇದೆ. ಪ್ರೇರೋ ಅನ್ನುವ ಊರಿನಿಂದ ಡಾರ್ಸರ್ ಓರ್ಟ್ ದೀಪಸ್ತಂಭದವರೆಗೆ ಕುದುರೆ ಗಾಡಿ ಹೋಗುತ್ತದೆ. ಸುಮಾರು 5 ಕಿಲೋಮೀಟರ್, ಪೂರ್ತಿ ಕಾಡು. ಗಾಡಿ ಇಳಿದ ಮೇಲೆ ದಂಡೆಗೆ ಸ್ವಲ್ಪವೇ ನಡಿಗೆ.

ಗಂಗೊಳ್ಳಿ_ಟು_ಬರ್ಲಿನ್ · ಜೂನ್ 10

ಕುದುರೆ ಗಾಡಿ! ಅಮ್ಮನಿಗೆ ಹೇಳಿದೆ. "ಈ ಪ್ರಾಯದಲ್ಲಿ ಮದುಮಗಳ ಹಾಗೆ" ಅಂತ ನಕ್ಕರು. ಒಪ್ಪಿಗೆ ಅಂತಲೇ ಲೆಕ್ಕ.

ಮರಳ ದಿಬ್ಬ ಅಲ್ಲಿ ನಿಜವಾಗಿಯೂ ಇದೆಯಾ? ಫೋಟೋದಲ್ಲಿ ಬರೀ ಬಿದ್ದ ಮರಗಳು ಕಾಣುತ್ತಿವೆ.

ರೋಸ್ಟಾಕ್_ಹುಡುಗಿ · ಜೂನ್ 10

ಎರಡೂ ಇದೆ. ನಾನು ಆ ಜಾಗಕ್ಕೆ ಮತ್ತೆ ಮತ್ತೆ ಹೋಗುವುದೇ ಅದಕ್ಕೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

ಪಶ್ಚಿಮದ ಗಾಳಿ, ಅಲೆ ಸೇರಿ ವೆಸ್ಟ್‌ಶ್ಟ್ರಾಂಡ್ ಅನ್ನು ವರ್ಷ ವರ್ಷ ಕೊರೆಯುತ್ತವೆ. ಕಾಡಿನ ಅಂಚಿನ ಮರಗಳ ಬೇರು ಹೊರಗೆ ಬಂದು, ಒಂದು ಚಳಿಗಾಲ ಮರವೇ ದಂಡೆಗೆ ಬೀಳುತ್ತದೆ. ಯಾರೂ ಎತ್ತುವುದಿಲ್ಲ. ನಿಂತಿರುವ ಮರಗಳೂ ಗಾಳಿಗೆ ಬೆನ್ನು ಕೊಟ್ಟು ಪೂರ್ವಕ್ಕೆ ಬಾಗಿವೆ. ಜರ್ಮನ್ನರು ಅವಕ್ಕೆ "ಗಾಳಿಯಿಂದ ಓಡುವವರು" ಅಂತ ಹೆಸರಿಟ್ಟಿದ್ದಾರೆ.

ಕೊರೆದ ಮರಳು ಎಲ್ಲಿಗೆ ಹೋಗುತ್ತದೆ? ಉತ್ತರಕ್ಕೆ ಸಾಗಿ ಡಾರ್ಸರ್ ಓರ್ಟ್ ತುದಿಯಲ್ಲಿ ಸೇರುತ್ತದೆ. ಅಲ್ಲಿ ಹೊಸ ನೆಲ ಹುಟ್ಟುತ್ತಿದೆ. ಮೊದಲು ನೀರಿನಲ್ಲಿ ಮರಳ ಪಟ್ಟಿ ಏಳುತ್ತದೆ. ಅದರ ಮೇಲೆ ಹುಲ್ಲು ಬರುತ್ತದೆ. ಈ ಹುಲ್ಲಿನದು ವಿಚಿತ್ರ ಸ್ವಭಾವ. ಮರಳು ಮುಚ್ಚಿದಷ್ಟೂ ಮೇಲಕ್ಕೆ ಬೆಳೆಯುತ್ತದೆ. ಹುಲ್ಲು ಬೆಳೆದಷ್ಟೂ ಮರಳು ನಿಲ್ಲುತ್ತದೆ. ಹಾಗೆ ದಿಬ್ಬ ಎದ್ದು ನಿಲ್ಲುತ್ತದೆ. ಕಡಲ ಪಕ್ಕದ ಹೊಸ ದಿಬ್ಬ ಬಿಳಿ. ಅದರ ಹಿಂದಿನದು ಕೊಳೆತ ಗಿಡದ ಪುಡಿ ಸೇರಿ ಬೂದು. ಇನ್ನೂ ಹಿಂದೆ ಕಂದು, ಅಲ್ಲಿಂದ ಪೈನ್ ಮರ ಶುರು.

ಕುದುರೆ ಗಾಡಿ ಹೋಗುವ ಕಾಡು ಕೂಡ ಹೀಗೆ ಹುಟ್ಟಿದ್ದೇ. ನೆಲ ಒಂದು ಸಾಲು ಏರು, ಒಂದು ಸಾಲು ತಗ್ಗು, ಮತ್ತೆ ಏರು. ಪ್ರತಿ ಏರೂ ಒಂದು ಕಾಲದ ದಂಡೆಯ ದಿಬ್ಬ. ತಗ್ಗಿನಲ್ಲಿ ಈಗ ಜೌಗು. ಕೆಲವು ಸಾವಿರ ವರ್ಷದ ಕೆಲಸ ಅದು. ಗಾಡಿಯಲ್ಲಿ ಕೂತು ಅಪ್ಪಯ್ಯನಿಗೆ ತೋರಿಸಿ, ಅವರಿಗೆ ಖಂಡಿತ ಅರ್ಥವಾಗುತ್ತದೆ.

ದಯವಿಟ್ಟು ದಿಬ್ಬ ಮಾತ್ರ ಹತ್ತಬೇಡಿ. ಹುಲ್ಲಿನ ಬೇರು ಕಾಲಿನ ತುಳಿತ ತಾಳುವುದಿಲ್ಲ. ಬೇರು ಹೋದ ಕಡೆ ಗಾಳಿ ದಿಬ್ಬವನ್ನೇ ತೂತು ಮಾಡುತ್ತದೆ. ಹಲಗೆ ಹಾಸಿದ ದಾರಿಯಲ್ಲೇ ದಾಟಿ. ಸಿಕ್ಕಿಬಿದ್ದರೆ ದಂಡವೂ ಇದೆ.

ಕಾಪು_ಲೈಟ್‌ಹೌಸ್ · ಜೂನ್ 10

ಒಂದು ಪ್ರಶ್ನೆ ಮಾರಾಯ್ರೆ. ಕಡಲು ಹೀಗೆ ಕೊರೆಯುವಾಗ ಸರ್ಕಾರ ಸುಮ್ನೆ ನೋಡುತ್ತಾ ಕೂತಿದೆಯಾ? ನಮ್ಮಲ್ಲಿ ಮಳೆಗಾಲಕ್ಕೆ ಮೊದಲೇ ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತಾರೆ.

ರೋಸ್ಟಾಕ್_ಹುಡುಗಿ · ಜೂನ್ 11

ವೆಸ್ಟ್‌ಶ್ಟ್ರಾಂಡ್‌ನಲ್ಲಿ ಹೌದು, ಸುಮ್ನೆ ಕೂತಿದೆ. ಬೇಕೆಂದೇ. ಅದು ರಾಷ್ಟ್ರೀಯ ಉದ್ಯಾನ. ಪೂರ್ವ ಜರ್ಮನಿಯ ಕೊನೆಯ ಸರ್ಕಾರ ಮುಚ್ಚಿಹೋಗುವ ಮೊದಲು ಇಂಥ ಜಾಗಗಳನ್ನು ಉಳಿಸಿ ಹೋಯಿತು. ಈ ಉದ್ಯಾನ ಜಾರಿಗೆ ಬಂದದ್ದು 1990ರ ಅಕ್ಟೋಬರ್ 1. ಅಕ್ಟೋಬರ್ 3ಕ್ಕೆ ಆ ದೇಶವೇ ಇರಲಿಲ್ಲ. ಸಾಯುವ ಮೊದಲು ಮಾಡಿದ ಒಳ್ಳೆ ಉಯಿಲು ಅಂತ ನನ್ನ ಲೆಕ್ಕ.

ಜನ ಇರುವ ಕಡೆ ಹಾಗಿಲ್ಲ. ಪಕ್ಕದ ಆರೆನ್ಸ್‌ಹೋಪ್, ವುಸ್ಟ್ರೋ ಕಡೆ ಕಡಲಿಗೆ ಮರದ ಕಂಬಗಳ ಸಾಲು ನೆಟ್ಟಿದ್ದಾರೆ. ಆಗಾಗ ಕಡಲ ತಳದಿಂದ ಮರಳು ಎತ್ತಿ ದಂಡೆಗೆ ತುಂಬುತ್ತಾರೆ. ಕಲ್ಲು ಹಾಕುವುದಕ್ಕಿಂತ ಇದು ಒಳ್ಳೆಯದೇ. ದಂಡೆ ದಂಡೆಯಾಗಿ ಉಳಿಯುತ್ತದೆ. ಆದರೆ ಮತ್ತೆ ಮತ್ತೆ ತುಂಬುತ್ತಲೇ ಇರಬೇಕು. ಇನ್ನೊಂದು ತಮಾಷೆ, ಮರ ಕೊರೆಯುವ ಕಡಲ ಹುಳ 1990ರ ದಶಕದಿಂದ ಈ ಕಂಬಗಳನ್ನು ತಿನ್ನುತ್ತಿದೆ. ಬಾಲ್ಟಿಕ್‌ನ ಒಳಭಾಗದಲ್ಲಿ ಆ ಕಾಟ ಇಲ್ಲ, ಅಲ್ಲಿ ಅದಕ್ಕೆ ಉಪ್ಪು ಸಾಲುವುದಿಲ್ಲ.

ವಿಲ್ನಿಯಸ್_ವಾಸಿ · ಜೂನ್ 11

ನಿಜವಾದ ಮರಳ ದಿಬ್ಬ ಬೇಕಾದರೆ ಲಿಥುವೇನಿಯಾಕ್ಕೆ ಬನ್ನಿ. ಕುರ್ಶ್ಯು ನೆರಿಯಾ, 98 ಕಿಲೋಮೀಟರ್ ಉದ್ದದ ಮರಳ ಪಟ್ಟಿ. ಅರ್ಧ ಲಿಥುವೇನಿಯಾದ್ದು, ಅರ್ಧ ರಷ್ಯಾದ್ದು. ನಿಡಾ ಅನ್ನುವ ಊರಿನ ಪಕ್ಕದ ದಿಬ್ಬ 50 ಮೀಟರಿನಷ್ಟು ಎತ್ತರ. 2000ದಿಂದ ಯುನೆಸ್ಕೊ ಪಟ್ಟಿಯಲ್ಲಿದೆ.

ಅಲ್ಲಿಯ ಕಥೆ ಮೈ ಜುಂ ಅನ್ನಿಸುತ್ತದೆ. ಹಿಂದೆ ಮನುಷ್ಯರು ಕಾಡು ಕಡಿದರು. ಹಿಡಿದಿಡುವ ಬೇರು ಹೋದ ಮೇಲೆ ಮರಳು ನಡೆಯಲು ಶುರು ಮಾಡಿತು. ಹಳ್ಳಿಗೆ ಹಳ್ಳಿಯೇ ಹೂತುಹೋಯಿತು. ಜನ ಮನೆ ಬಿಟ್ಟು ಮುಂದೆ ಹೋದರೆ ಮರಳು ಅಲ್ಲಿಗೂ ಬಂತು. 19ನೇ ಶತಮಾನದಲ್ಲಿ ಪೈನ್ ನೆಟ್ಟು, ಕಡಲ ಪಕ್ಕ ಉದ್ದಕ್ಕೆ ದಿಬ್ಬದ ಗೋಡೆ ಕಟ್ಟಿ ನಿಲ್ಲಿಸಿದರು. ಇವತ್ತು ನೋಡುವ "ಕಾಡು" ಬಹುಪಾಲು ಮನುಷ್ಯ ನೆಟ್ಟದ್ದು.

ಕ್ಲೈಪೇಡಾದಿಂದ ದೋಣಿಯಲ್ಲಿ ದಾಟಿ ಬಸ್ಸು ಹಿಡಿದರೆ ನಿಡಾ. ಊರಿನಿಂದ ದಂಡೆಗೆ ಕಾಡಿನೊಳಗೆ ಚೆಂದದ ದಾರಿ ಇದೆ. ಇನ್ನು ನಿಮ್ಮ ಸಂಕೋಚದ ವಿಷಯ: ನಿಡಾದಲ್ಲಿ ಹೆಂಗಸರಿಗೇ ಒಂದು ದಂಡೆ, ಎಲ್ಲರಿಗೂ ಒಂದು, ಬಟ್ಟೆ ಇಲ್ಲದವರಿಗೆ ಒಂದು, ಹೀಗೆ ಬೇರೆ ಬೇರೆ. ಬೋರ್ಡು ನೋಡಿ ಹೋದರಾಯ್ತು.

ಗಂಗೊಳ್ಳಿ_ಟು_ಬರ್ಲಿನ್ · ಜೂನ್ 11

ಓದಿಯೇ ಹೋಗಬೇಕು ಅನ್ನಿಸಿತು. ಆದರೆ ಈ ಸಲ ಅಷ್ಟು ದೂರ ಕಷ್ಟ. ಡಾರ್ಸ್ ಮಾಡುತ್ತೇನೆ. ದಂಡೆಯಲ್ಲಿ ಬಟ್ಟೆಯ ವಿಷಯ ಯಾರೂ ಹೇಳಲಿಲ್ಲ!

ಎಲ್ಬೆ_ದಂಡೆಯವ · ಜೂನ್ 11

ನಾನು ಅತ್ತೆ ಮಾವನನ್ನು ಕರೆದುಕೊಂಡು ಹೋಗಿ ಅನುಭವಿಸಿದ್ದೇನೆ. ಪೂರ್ವ ಜರ್ಮನಿಯಲ್ಲಿ ಇದು ದೊಡ್ಡ ರೂಢಿಯಾಗಿತ್ತು. ಈಗಲೂ ಆ ಕಡೆ ಜಾಸ್ತಿ. ಪ್ರೇರೋದ ಉತ್ತರ ದಂಡೆಯಲ್ಲಿ ಅದಕ್ಕೆ ಬೇರೆ ಭಾಗ ಗುರುತು ಮಾಡಿದ್ದಾರೆ. ವೆಸ್ಟ್‌ಶ್ಟ್ರಾಂಡ್‌ನಲ್ಲಿ ಗುರುತು ಎಲ್ಲ ಇಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು. ಮೊದಲೇ ಹೇಳಿಬಿಡಿ. ನಾನು ಹೇಳದೆ ಕರೆದುಕೊಂಡು ಹೋಗಿ ಮಾವನವರು ಅರ್ಧ ಗಂಟೆ ಆಕಾಶವನ್ನೇ ನೋಡುತ್ತಾ ನಡೆದರು. ಅತ್ತೆ ಮಾತ್ರ, "ಅವರ ಪಾಡಿಗೆ ಅವರಿದ್ದಾರೆ, ನಿಮಗೇನು" ಅಂದರು.

ದಾದಿ_ಶ್ಟ್ರಾಲ್‌ಸುಂಡ್ · ಜೂನ್ 12

ಗಂಗೊಳ್ಳಿ ತಮ್ಮ, ತಂದೆಯವರಿಗೆ ಸಕ್ಕರೆ ಕಾಯಿಲೆ ಅಂದಿರಿ. ಇದನ್ನು ಗಮನ ಇಟ್ಟು ಓದಿ.

ಬಾಲ್ಟಿಕ್‌ನಲ್ಲಿ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಇದೆ. ಉಪ್ಪು ಕಡಿಮೆ ಇರುವ ನೀರು, ಅದು 20 ಡಿಗ್ರಿ ದಾಟಿತು ಅಂದರೆ ಇದು ಹೆಚ್ಚುತ್ತದೆ. ಆರೋಗ್ಯವಾಗಿರುವವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಯಸ್ಸಾದವರು, ಸಕ್ಕರೆ ಅಥವಾ ಲಿವರ್ ಕಾಯಿಲೆ ಇರುವವರು ಗಾಯ ಇಟ್ಟುಕೊಂಡು ನೀರಿಗೆ ಇಳಿದರೆ ಅಪಾಯ. ಗಾಯದಿಂದ ಒಳಗೆ ಹೋಗಿ ಬೇಗ ಏರುತ್ತದೆ. ಹೋಗುವ ದಿನ ಬೆಳಿಗ್ಗೆ ಅಪ್ಪನ ಪಾದ ನೋಡಿ. ಬೆರಳ ಸಂದಿ, ಹಿಮ್ಮಡಿ ಒಡಕು ಎಲ್ಲ. ಗಾಯ ಇದ್ದರೆ ನೀರಿಗೆ ಬೇಡ, ದಂಡೆಯಲ್ಲಿ ಕೂರಲಿ. ಇಳಿದು ಬಂದ ಮೇಲೆ ಗಾಯ ಕೆಂಪಾಗಿ ವಿಪರೀತ ನೋವು ಬಂದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ "ಬಾಲ್ಟಿಕ್ ನೀರಿಗೆ ಇಳಿದಿದ್ದರು" ಅಂತ ಹೇಳಿ. ಜೂನ್‌ನಲ್ಲಿ ನೀರು ಇನ್ನೂ ತಣ್ಣಗೆ, ಹಾಗಾಗಿ ಈಗ ಭಯ ಕಡಿಮೆ.

ಕಾಡಿನಲ್ಲಿ ಉಣ್ಣಿ ಇವೆ. ಉದ್ದ ಪ್ಯಾಂಟು ಹಾಕಿ, ಸಂಜೆ ಮೈ ನೋಡಿಕೊಳ್ಳಿ. ಸೊಳ್ಳೆ ಬಗ್ಗೆ ಏನೂ ಹೇಳುವುದಿಲ್ಲ, ಹೋದಾಗ ಅವೇ ಹೇಳುತ್ತವೆ.

ಕೊನೆಯದಾಗಿ, ದಂಡೆಯಲ್ಲಿ ಹಳದಿ ಕಲ್ಲು ಸಿಕ್ಕಿದರೆ ಅಂಬರ್ (ಕಲ್ಲಾದ ಹಳೇ ಮರದ ಅಂಟು) ಅಂತ ಜೇಬಿಗೆ ಹಾಕಬೇಡಿ. ಯುದ್ಧದ ಬಾಂಬುಗಳ ಬಿಳಿ ರಂಜಕವೂ ಹಾಗೇ ಕಾಣುತ್ತದೆ. ಒಣಗಿ ಮೈ ಶಾಖ ತಗುಲಿದರೆ ಹೊತ್ತಿಕೊಳ್ಳುತ್ತದೆ. ಉಸೆಡೋಮ್ ದ್ವೀಪದ ಕಡೆ ಇದು ಜಾಸ್ತಿ. ಆದರೂ ಅಭ್ಯಾಸ ಒಳ್ಳೆಯದು: ಸಿಕ್ಕಿದ್ದನ್ನು ತಗಡಿನ ಡಬ್ಬಿಗೆ ಹಾಕಿ, ಬಟ್ಟೆಯಿಂದ ದೂರ ಇಡಿ.

ಮಂಡ್ಯ_ಇನ್_ಮ್ಯೂನಿಕ್ · ಜೂನ್ 12

ಬ್ಯಾಕ್ಟೀರಿಯಾ, ಉಣ್ಣಿ, ಬಾಂಬು. ಕೆಆರ್‌ಎಸ್ ಎಷ್ಟೋ ವಾಸಿ ಅಲ್ವಾ.

ಗಂಗೊಳ್ಳಿ_ಟು_ಬರ್ಲಿನ್ · ಜೂನ್ 24

ಹೋಗಿ ಬಂದೆವು. ಹೇಳಿದವರಿಗೆಲ್ಲ ಲೆಕ್ಕ ಒಪ್ಪಿಸಬೇಕಲ್ಲ.

ಬರ್ಲಿನ್‌ನಿಂದ ರೋಸ್ಟಾಕ್, ಅಲ್ಲಿ ರೈಲು ಬದಲಿಸಿ ರಿಬ್ನಿಟ್ಸ್-ದಾಮ್‌ಗಾರ್ಟನ್ ವೆಸ್ಟ್, ಅಲ್ಲಿಂದ ಬಸ್ಸು. ದೇಶಪೂರ್ತಿ ಲೋಕಲ್ ರೈಲು, ಬಸ್ಸಿಗೆ ಆಗುವ ತಿಂಗಳ ಟಿಕೆಟ್ (2025ರಲ್ಲಿ 58 ಯೂರೊ ಇತ್ತು) ಎಲ್ಲದಕ್ಕೂ ನಡೆಯಿತು. ಬಸ್ಸಿನ ಸಮಯ ಮಾತ್ರ ಮೊದಲೇ ನೋಡಿಕೊಳ್ಳಿ. ನಾವು ಒಂದು ಬಸ್ಸು ತಪ್ಪಿಸಿಕೊಂಡು ನಿಲ್ದಾಣದಲ್ಲಿ ಅಮ್ಮ ಕಟ್ಟಿ ತಂದಿದ್ದ ಚಪಾತಿ ಅಲ್ಲೇ ಮುಗಿಸಿದೆವು. ಪ್ರೇರೋದಲ್ಲಿ ಎರಡು ರಾತ್ರಿ ಉಳಿದೆವು. ಕೋಣೆಯ ಬಾಡಿಗೆ ಅಲ್ಲದೆ ತಲೆಗೆ ಇಷ್ಟು ಅಂತ ದಿನದ ತೆರಿಗೆ ಬೇರೆ ಇದೆ.

ಮೊದಲ ಸಂಜೆ ಪ್ರೇರೋದ ಉತ್ತರ ದಂಡೆ. ಅಗಲ ಜಾಸ್ತಿ, ಹೊಯಿಗೆ ಬಿಳಿ ಹಿಟ್ಟಿನ ಹಾಗೆ. ಅಮ್ಮ ಒಂದು ಬುಟ್ಟಿ ಕುರ್ಚಿ ಬಾಡಿಗೆಗೆ ತೆಗೆದುಕೊಂಡು ಅದರಲ್ಲಿ ಕೂತವರು ಏಳಲೇ ಇಲ್ಲ. ಮೇಲೆ ಗೂಡು, ಮೂರು ಕಡೆ ಗಾಳಿಗೆ ಮರೆ. ರೋಸ್ಟಾಕ್‌ನ ಬುಟ್ಟಿ ಹೆಣೆಯುವವನೊಬ್ಬ 1882ರಲ್ಲಿ, ಸಂಧಿವಾತ ಇದ್ದ ಒಬ್ಬ ಹೆಂಗಸಿಗಾಗಿ ಮೊದಲ ಕುರ್ಚಿ ಮಾಡಿದನಂತೆ. ಅಮ್ಮನಿಗೆ ಹೇಳಿದೆ. "ನಮ್ಮ ನೋವು ಗೊತ್ತಿದ್ದವನು" ಅಂದರು.

ಮರುದಿನ ಕುದುರೆ ಗಾಡಿ. ಒಂದು ಗಂಟೆಗೆ ಸ್ವಲ್ಪ ಕಡಿಮೆ. ಏರು ತಗ್ಗಿನ ಸಾಲು ಅಪ್ಪಯ್ಯನಿಗೆ ನಾನು ತೋರಿಸುವ ಮೊದಲೇ ಕಂಡಿತ್ತು. "ಇದೆಲ್ಲ ಕಡಲು ಬಿಟ್ಟು ಹೋದ ಜಾಗ" ಅಂದರು. ಅಂಥ ಕಾಡಿನ ಮಧ್ಯೆ ಅದು ಹೇಗೆ ಗೊತ್ತಾಯ್ತು ಅಂತ ಕೇಳಿದ್ದಕ್ಕೆ ಗಾಡಿಯ ಚಕ್ರ ತೋರಿಸಿದರು. ಚಕ್ರದಡಿ ಹೊಯಿಗೆ.

ದೀಪಸ್ತಂಭ 1848ರ ಕಾಲದ್ದು, ಕೆಂಪು ಇಟ್ಟಿಗೆ. ಪಕ್ಕದಲ್ಲಿ ಸಣ್ಣ ಮ್ಯೂಸಿಯಂ, ಚಹಾ ಅಂಗಡಿ. ಶೌಚಾಲಯಕ್ಕೆ ಇಲ್ಲೇ ಹೋಗಿಬನ್ನಿ, ಮುಂದೆ ದಂಡೆಯಲ್ಲಿ ಏನೂ ಇಲ್ಲ.

ದಿಬ್ಬದ ನಡುವಿನ ದಾರಿ ದಾಟಿ ದಂಡೆಗೆ ಇಳಿದಾಗ ಮೊದಲು ಕಿವಿಗೆ ಗೊತ್ತಾಯ್ತು. ಊರು ಬಿಟ್ಟಾಗಿನಿಂದ ಇಷ್ಟು ಜೋರಾಗಿ ಕೇಳದ ಸದ್ದು. ಅಪ್ಪಯ್ಯ ಚಪ್ಪಲಿ ಕೈಗೆ ತೆಗೆದುಕೊಂಡರು. ಪಾದ ಬೆಳಿಗ್ಗೆಯೇ ನೋಡಿದ್ದೆ ಅಕ್ಕ, ಗಾಯ ಇರಲಿಲ್ಲ. ನೀರಿಗೆ ಕಾಲಿಟ್ಟವರು ತಟ್ಟನೆ ಹಿಂದೆ ಬಂದರು. ಅಷ್ಟು ತಣ್ಣಗೆ! ಆಮೇಲೆ ಬಾಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. "ಗಂಜಿಗೆ ಉಪ್ಪು ಹಾಕಲು ಮರೆತ ಹಾಗಿದೆ" ಅಂದರು. ರೋಸ್ಟಾಕ್ ತಂಗಿ, ನಿಮ್ಮ 10 ಗ್ರಾಂ ಲೆಕ್ಕ ಅವರು ಒಂದೇ ಬೆರಳಿನಲ್ಲಿ ಮಾಡಿದರು.

ಬಿದ್ದ ಮರಗಳ ಹತ್ತಿರ ತುಂಬ ಹೊತ್ತು ನಿಂತರು. ನಮ್ಮ ದೊಡ್ಡಪ್ಪನ ತೆಂಗಿನ ಸಾಲು ಹೀಗೇ ಕಡಲಿಗೆ ಹೋದದ್ದು. ಏನೂ ಮಾತಾಡಲಿಲ್ಲ. ಕಲ್ಲು ಯಾಕೆ ಹಾಕಿಲ್ಲ ಅಂತ ಕೇಳಿದರು. ಇಲ್ಲಿ ಕಡಲಿಗೇ ಬಿಟ್ಟಿದ್ದಾರೆ ಅಂದೆ. "ಇಲ್ಲಿ ಯಾರ ಮನೆಯೂ ಇಲ್ಲವಲ್ಲ, ಬಿಡಬಹುದು" ಅಂದರು.

ಬಟ್ಟೆ ಇಲ್ಲದವರು ಇಬ್ಬರು ಇದ್ದರು, ವಯಸ್ಸಾದ ಗಂಡ ಹೆಂಡತಿ, ದೂರದಲ್ಲಿ. ಅಮ್ಮ ನೋಡಿ, "ಚಳಿ ಆಗುವುದಿಲ್ವಾ ಇವರಿಗೆ?" ಅಂದರು. ಅಷ್ಟೇ.

ಒಂದು ಮಾತ್ರ ನನ್ನ ತಪ್ಪು. ವೆಸ್ಟ್‌ಶ್ಟ್ರಾಂಡ್ ಪಶ್ಚಿಮಕ್ಕೆ ಮುಖ ಮಾಡಿದೆ, ಊರಿನ ಹಾಗೆ ಸೂರ್ಯ ಕಡಲಿಗೇ ಇಳಿಯುತ್ತಾನೆ ಅಂತ ಆಸೆ ಹುಟ್ಟಿಸಿದ್ದೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆಗೆ ಸ್ವಲ್ಪ ಮೊದಲು. ಕೊನೆಯ ಕುದುರೆ ಗಾಡಿ ಅದಕ್ಕೆ ಎಷ್ಟೋ ಮೊದಲೇ ಹೊರಡುತ್ತದೆ. ಅಮ್ಮನನ್ನು ಆ ಹೊತ್ತಿನಲ್ಲಿ 5 ಕಿಲೋಮೀಟರ್ ನಡೆಸುವಂತಿಲ್ಲ. ವಾಪಸ್ ಬಂದೆವು. ಅಪ್ಪಯ್ಯ ಗಾಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿದ್ದರು.

ಎಲ್ಬೆ_ದಂಡೆಯವ · ಜೂನ್ 24

ಛೇ, ಇದನ್ನು ನಾನು ಹೇಳಬೇಕಿತ್ತು. ಮುಂದೆ ಓದುವವರಿಗೆ: ಸೂರ್ಯಾಸ್ತಕ್ಕೆ ಆರೆನ್ಸ್‌ಹೋಪ್‌ನಲ್ಲಿ ಉಳಿಯಿರಿ. ಊರು ದಂಡೆಗೆ ಅಂಟಿಕೊಂಡೇ ಇದೆ, ಬೇಸಿಗೆಯಲ್ಲಿ ಸೂರ್ಯ ಕಡಲಿಗೇ ಇಳಿಯುತ್ತಾನೆ. ಕುದುರೆ ಗಾಡಿ ಹಗಲಿಗೆ, ಆರೆನ್ಸ್‌ಹೋಪ್ ಸಂಜೆಗೆ.

ಕಾಪು_ಲೈಟ್‌ಹೌಸ್ · ಜೂನ್ 25

ಮೀನು ಏನು ತಿಂದಿರಿ? ಅದನ್ನು ಬರೆಯದೆ ಮುಗಿಸಿದ್ದು ಸರಿಯಲ್ಲ.

ಗಂಗೊಳ್ಳಿ_ಟು_ಬರ್ಲಿನ್ · ಜೂನ್ 25

ಬನ್ನಿನೊಳಗೆ ಹುಳಿ ಹಾಕಿದ ಹೆರಿಂಗ್, ಈರುಳ್ಳಿ. ಅಪ್ಪಯ್ಯ ಒಂದು ತುಂಡು ತಿಂದು ಮೀನನ್ನು ಬನ್ನಿನಿಂದ ಹೊರಗೆ ಎಳೆದು ಮುಳ್ಳು, ಚರ್ಮ ಎಲ್ಲ ನೋಡಿದರು. "ಭೂತಾಯಿಯ ದೊಡ್ಡಪ್ಪನ ಮಗ" ಅಂತ ತೀರ್ಪು ಕೊಟ್ಟರು. ಆಮೇಲೆ ಹುಡುಕಿ ನೋಡಿದೆ, ನಿಜಕ್ಕೂ ಎರಡೂ ನೆಂಟ ಮೀನುಗಳೇ. ಹೊಗೆ ಹಾಕಿದ ಮೀನು ಮಾತ್ರ ಎರಡು ಸಲ ಕೇಳಿ ತಿಂದರು. ಅಮ್ಮ ಸೀ ಬಕ್‌ಥಾರ್ನ್ ಅನ್ನುವ ಕಿತ್ತಳೆ ಬಣ್ಣದ ಕಾಯಿಯ ರಸ ಕುಡಿದು, ಇದರಲ್ಲಿ ಸಾರು ಮಾಡಬಹುದು ಅಂದರು. ಬಾಟಲಿ ತಂದಿದ್ದಾರೆ. ಇವತ್ತು ರಾತ್ರಿ ಪ್ರಯೋಗ.

ದಾದಿ_ಶ್ಟ್ರಾಲ್‌ಸುಂಡ್ · ಜೂನ್ 25

ಸಾರು ಹೇಗಾಯ್ತು ಅಂತ ಬರೆಯಿರಿ. ಅಂಬರ್ ಸಿಕ್ಕಿತಾ?

ಗಂಗೊಳ್ಳಿ_ಟು_ಬರ್ಲಿನ್ · ಜೂನ್ 26

ಅಂಬರ್ ಇಲ್ಲ ಅಕ್ಕ, ಡಬ್ಬಿ ಖಾಲಿ. ಅಮ್ಮನಿಗೆ ತೂತಿರುವ ಒಂದು ಕಲ್ಲು ಸಿಕ್ಕಿತು. ಇಲ್ಲಿಯವರು ಅದನ್ನು "ಕೋಳಿ ದೇವರು" ಅಂತಾರಂತೆ, ಮನೆಗೆ ಒಳ್ಳೆಯದಂತೆ. ದಾರ ಪೋಣಿಸಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡಿದ್ದಾರೆ.

ಸಾರಿಗೆ ಹುಣಸೆಹಣ್ಣು ಬೇಕಾಗಲಿಲ್ಲ. ಬೆಲ್ಲ ಮಾತ್ರ ಜಾಸ್ತಿ ಹಾಕಬೇಕಾಯ್ತು.

ರೋಸ್ಟಾಕ್_ಹುಡುಗಿ · ಜೂನ್ 26

ಅಕ್ಟೋಬರ್‌ನಲ್ಲಿ ಬೋಡನ್ ಕಡೆ ಸಾವಿರಾರು ಕ್ರೇನ್ ಹಕ್ಕಿಗಳು ಬಂದು ಇಳಿಯುತ್ತವೆ. ಸಂಜೆ ಹಿಂಡು ಹಿಂಡಾಗಿ ನೀರಿಗೆ ವಾಪಸ್ ಬರುವುದನ್ನು ನೋಡಲು ನಾವು ನಾಲ್ಕು ಜನ ಪ್ರತಿ ವರ್ಷ ಹೋಗುತ್ತೇವೆ. ಕಾರಿನಲ್ಲಿ ಒಂದು ಸೀಟು ಇದೆ. ಮಂಡ್ಯ ಸರ್, ಕೆರೆ ನೋಡಲು ಬರ್ತೀರಾ?

ಮಂಡ್ಯ_ಇನ್_ಮ್ಯೂನಿಕ್ · ಜೂನ್ 27

ತಾರೀಕು ಹೇಳಿ. ಸೊಳ್ಳೆ ಆಗಲೂ ಇರುತ್ತದಾ?